ಉರುಳಿದ ಗಾಡಿ, ಉರುಳದ ಗಾಡಿ

ಕಳಸ,
ಆಷಾಢ

ಪ್ರೀತಿಯ ಪುಟ್ಟಿ,

ಮಳೆ ಬಿಟ್ಟಿಲ್ಲ. ಅಡಿಕೆಗೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸಲು ಒಂದು ಹೊಳವು ಸಿಗಲಿ ಎಂದು ಕಾಯುತ್ತಿದ್ದೇವೆ, ಕೊಳೆರೋಗ ಹತ್ತಿದರೆ ಈ ವರ್ಷ ಏನೂ ಉಳಿಯುವುದಿಲ್ಲ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹತ್ತುವುದು, ಇಳಿಯುವುದು ಮತ್ತೆ ಶುರುವಾಗಿದೆ. ಹೊರನಾಡಿಗೆ ಹೋಗುವವರು ನೀರು ಇಳಿಯುವ ತನಕ ಕಾಯಬೇಕು, ಇಲ್ಲವೇ ಸುತ್ತಬೇಕು. ಅಪ್ಪನ ಮಂಡಿನೋವು ಹಾಗೇ ಇದೆ, ತೋಟಕ್ಕೆ ಇಳಿಯುವುದನ್ನು ಮಾತ್ರ ಬಿಟ್ಟಿಲ್ಲ. ನಿನ್ನ ಕಾನೂನು ಪುಸ್ತಕಗಳಿಗೆ ಬೂಷ್ಟು ಹಿಡಿಯಬಾರದೆಂದು ಅಡಿಗೆಮನೆಯ ಬೆಚ್ಚಗಿನ ಮೂಲೆಗೆ ಸಾಗಿಸಿದೆ. ಸಾಗಿಸುತ್ತಾ ಒಂದೊಂದೇ ತೆರೆದು ಓದಿದೆ. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಸಮಾಜ ಪಾಠ ಹೇಳಿದವಳಿಗೆ ಅಚ್ಚಾದದ್ದು ಕಂಡರೆ ಓದದೆ ಇರಲಾಗುವುದಿಲ್ಲ.

ಮೊನ್ನೆ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆ ನೆಟ್‌ವರ್ಕ್ ಹೋಗಿ ಅರ್ಧಕ್ಕೇ ನಿಂತಿತು. ಅದು ಬರೆದು ಹೇಳುವಂಥದ್ದೇ. ತರಬೇತಿಯ ತರಗತಿಯಲ್ಲಿ ಯಾರೋ ಹಿರಿಯರು ನಿಮ್ಮ ಮುಂದೆ ಇಟ್ಟದ್ದು: ಇಬ್ಬರು ಒಂದೇ ಕಡೆ ಕೂತು ಒಂದೇ ಅಳತೆ ಕುಡಿದರು, ಒಂದೇ ರಸ್ತೆಯಲ್ಲಿ ಗಾಡಿ ಓಡಿಸಿದರು. ಒಬ್ಬ ಮನೆ ಸೇರಿ ಮಲಗಿದ. ಇನ್ನೊಬ್ಬನ ಗಾಡಿಗೆ ಮಗು ಅಡ್ಡ ಬಂತು. ಇಬ್ಬರೂ ಮಾಡಿದ್ದು ಒಂದೇ ಆದರೆ ಶಿಕ್ಷೆ ಏಕೆ ಬೇರೆ? “ನಿಂಗೇನನ್ಸುತ್ತೆ ಅಮ್ಮ?” ಎಂದು ಕೇಳಿದೆಯಲ್ಲ. ಇನ್ನು ಸ್ವಲ್ಪ ದಿನಕ್ಕೆ ನೀನೇ ಪೀಠದ ಮೇಲೆ ಕೂರುವವಳು. ನಿನ್ನ ತರಗತಿಯವರು ಏನು ಹೇಳಿದರೋ ಗೊತ್ತಿಲ್ಲ, ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ.

ಆ ಇಬ್ಬರೂ ನಮ್ಮ ಕಡೆಯೇ ಇದ್ದಾರೆ. ಕುಡಿದವರಲ್ಲ ಅನ್ನುವುದೊಂದೇ ವ್ಯತ್ಯಾಸ.

ಹೋದ ಕುಯ್ಲಿನ ಹೊತ್ತು. ಕಾಫಿಗೆ ಬೆಲೆ ಬಂದ ಮೇಲೆ ಎಲ್ಲರಿಗೂ ಅವಸರ. ಹಣ್ಣು ಗಿಡದಲ್ಲಿ ಉಳಿದಷ್ಟು ದಿನ ಕಳ್ಳರ ಭಯ, ಅಕಾಲದ ಮಳೆ ಬಂದರೆ ಉದುರಿ ಹೋಗುವ ಭಯ. ಆಳು ಸಿಗುವುದಿಲ್ಲ, ಸಿಕ್ಕವರನ್ನು ದೂರದಿಂದ ಕರೆತರಬೇಕು. ಬೆಳಗ್ಗೆ ಮಂಜು ಕರಗುವ ಮೊದಲೇ ಎರಡು ಪಿಕಪ್‌ಗಳು ಹೊರಟವು, ಎರಡು ತೋಟಗಳವು. ಹೆಸರು ಬರೆಯುವುದಿಲ್ಲ. ಎರಡರ ಹಿಂಬದಿಯಲ್ಲೂ ಸಾಮಾನು ಹೇರುವ ಜಾಗದಲ್ಲಿ ಹೆಂಗಸರು, ಗಂಡಸರು ಒತ್ತೊತ್ತಾಗಿ ನಿಂತಿದ್ದರು. ಒಂದು ಕೈಯಲ್ಲಿ ಬುತ್ತಿ ಚೀಲ, ಇನ್ನೊಂದು ಕೈಯಲ್ಲಿ ಕಬ್ಬಿಣದ ಕಂಬಿ. ಎರಡು ಟ್ರಿಪ್ಪಿನ ಜನವನ್ನು ಒಂದೇ ಟ್ರಿಪ್ಪಿಗೆ ತರಲು ಇಬ್ಬರು ಡ್ರೈವರುಗಳಿಗೂ ಮೇಲಿನಿಂದ ಮಾತಾಗಿತ್ತು. ಒಬ್ಬರ ಹಿಂದೆ ಒಬ್ಬರು ಜೋರಾಗಿಯೇ ಬಂದರು. ಮುಂದಿನ ಗಾಡಿ ತಿರುವು ದಾಟಿತು. ಹಿಂದಿನದು ಅದೇ ತಿರುವಿನಲ್ಲಿ ವಾಲಿ, ಧರೆಯ ಕೆಳಗಿನ ಹಳ್ಳಕ್ಕೆ ಉರುಳಿತು. ಕೆಲವರಿಗೆ ಕೈಕಾಲು ಮುರಿಯಿತು. ಎರಡು ಮಕ್ಕಳ ತಾಯಿ ಒಬ್ಬಳು ಅಲ್ಲೇ ತೀರಿಕೊಂಡಳು.

ಉರುಳಿದ ಗಾಡಿಯ ಹುಡುಗನ ಮೇಲೆ ಕೇಸಾಯಿತು. ಊರಿನಲ್ಲಿ ಅವನಿಗೀಗ ಒಂದೇ ಹೆಸರು, ‘ಹೆಂಗಸನ್ನ ಕೊಂದವನು’. ದಾಟಿ ಹೋದ ಗಾಡಿಯ ಹುಡುಗ ಅದೇ ಸಂಜೆ ಅಷ್ಟೇ ಜನರನ್ನು ತುಂಬಿಕೊಂಡು ವಾಪಸು ಬಂದ. ಮಾರನೆಯ ದಿನವೂ ಬಂದ. “ಅವನ ಕೈ ಪಳಗಿದೆ, ಗಾಡಿ ಬಿಡೋದು ಚಂದ” ಎಂದು ನಮ್ಮ ರೈಟರೇ ಹೇಳಿದ್ದನ್ನು ಕೇಳಿದೆ. ನಮ್ಮ ತೋಟಕ್ಕೆ ಎರಡು ಟ್ರಿಪ್ಪೇ ಆಗಬೇಕು, ಎಲ್ಲರೂ ಕೂತೇ ಬರಬೇಕು ಎಂದು ಅಪ್ಪ ಬಹಳ ಹಿಂದೆಯೇ ಹಟ ಹಿಡಿದದ್ದು ನಿನಗೆ ನೆನಪಿರಬೇಕು. ಅದಕ್ಕೆ ಡೀಸೆಲ್ ಖರ್ಚು ಹೆಚ್ಚು, ಕೆಲಸ ಶುರುವಾಗುವುದು ತಡ. ಅದನ್ನು ನೋಡಿ ‘ಇವರಿಗೆ ಲೆಕ್ಕಾಚಾರ ಗೊತ್ತಿಲ್ಲ’ ಅಂದವರೂ ಇದ್ದಾರೆ.

ಕಾನೂನು ಈ ಇಬ್ಬರು ಹುಡುಗರನ್ನು ಹೇಗೆ ಅಳೆಯುತ್ತದೆ ಎಂದು ನಿನ್ನ ಪುಸ್ತಕಗಳಲ್ಲಿ ಹುಡುಕಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಜನರ ಜೀವಕ್ಕೆ ಅಪಾಯವಾಗುವಂತೆ ಗಾಡಿ ಓಡಿಸಿದರೆ 281ನೇ ಕಲಂ: ಆರು ತಿಂಗಳ ತನಕ ಸೆರೆ, ಇಲ್ಲವೇ ಒಂದು ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಅದೇ ಓಡಿಸುವಿಕೆಯಿಂದ ಒಬ್ಬರು ಸತ್ತರೆ 106ನೇ ಕಲಂ: ಐದು ವರ್ಷದ ತನಕ ಸೆರೆ, ಜೊತೆಗೆ ದಂಡ. ಹಿಂದಿನ ದಂಡ ಸಂಹಿತೆಯ 304ಎ ಕಲಮಿನಲ್ಲಿ ಇದು ಎರಡು ವರ್ಷವಿತ್ತು. ಆ ಕಲಮು 1860ರ ಮೂಲ ಸಂಹಿತೆಯಲ್ಲಿ ಇರಲೇ ಇಲ್ಲ, 1870ರಲ್ಲಿ ಸೇರಿಸಿದ್ದು. ಅಂದರೆ ಸಾವಿಗೆ ಹಾಕುವ ತೂಕ ಏರುತ್ತಾ ಬಂದಿದೆ, ಆ ಸಾವಿಗೆ ದಾರಿಯಾಗುವ ನಡತೆಯ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ದಾಟಿ ಹೋದ ಹುಡುಗನನ್ನು ಯಾರಾದರೂ ಹಿಡಿದಿದ್ದರೂ ಒಂದು ಸಾವಿರದಲ್ಲಿ ಮುಗಿಯುತ್ತಿತ್ತು. ಹಿಡಿಯಲೂ ಇಲ್ಲ.

ಇಬ್ಬರ ನಡುವೆ ಏನು ಬೇರೆಯಿತ್ತು ಹೇಳು. ತಿರುವಿನಲ್ಲಿ ಜಾರಿದ ಒಂದಿಷ್ಟು ಜಲ್ಲಿ. ಅದನ್ನು ಅಲ್ಲಿ ಹಾಕಿದವನು ಗಾಡಿ ಉರುಳಿದ ಹುಡುಗನಲ್ಲ.

ಇಂಥ ಅದೃಷ್ಟವನ್ನು ಶಿಕ್ಷೆಯೊಳಗೆ ಬಿಟ್ಟುಕೊಳ್ಳಬಾರದೆಂದು ಬಹಳ ಹಿಂದೆಯೇ ವಾದಿಸಿದವನು ನಮ್ಮ ದಂಡ ಸಂಹಿತೆಯ ಕರಡು ಬರೆದ ಮೆಕಾಲೆಯೇ. ಅವನ ಬೇರೆ ಎಷ್ಟೋ ಮಾತುಗಳನ್ನು ನಾನು ಒಪ್ಪುವವಳಲ್ಲ, ಮಕ್ಕಳಿಗೆ ಪಾಠದಲ್ಲಿ ಬಯ್ದೇ ಹೇಳಿಕೊಟ್ಟಿದ್ದೇನೆ. ಆದರೆ 1837ರ ಕರಡಿನ ಟಿಪ್ಪಣಿಯಲ್ಲಿ ಅವನು ಕಳ್ಳನ ಉದಾಹರಣೆ ಇಟ್ಟು ಹೇಳಿದ್ದು ನನ್ನನ್ನು ಹಿಡಿದು ನಿಲ್ಲಿಸಿತು. ಕಳ್ಳತನ ಮಾಡುವಾಗ ಯಾರೂ ಎಣಿಸದ ಅವಘಡದಿಂದ ಜೀವ ಹೋದರೆ ಆ ಕಳ್ಳನನ್ನು ಕೊಲೆಗಾರನಂತೆ ನೇಣಿಗೆ ಹಾಕಬೇಕೇ ಎಂಬುದು ಪ್ರಶ್ನೆ. ಹಾಗೆ ಮಾಡುವುದಕ್ಕಿಂತ ಐವತ್ತಕ್ಕೋ ನೂರಕ್ಕೋ ಒಬ್ಬ ಕಳ್ಳನನ್ನು ಚೀಟಿ ಎತ್ತಿ ನೇಣಿಗೆ ಹಾಕುವುದು ಇನ್ನೂ ನೆಟ್ಟಗಿನ ದಾರಿ ಎಂದು ಅವನ ಉತ್ತರ. ಶಿಕ್ಷೆ ಖಚಿತವಾದಷ್ಟೂ ಒಳ್ಳೆಯದು, ಅಪರೂಪದ ದೊಡ್ಡ ಶಿಕ್ಷೆ ಯಾರನ್ನೂ ತಿದ್ದುವುದಿಲ್ಲ ಎಂಬುದು ಅದರ ಹಿಂದಿನ ವಿಚಾರ. ನಮ್ಮ ರಸ್ತೆಗಳಲ್ಲಿ ಈಗ ನಡೆಯುತ್ತಿರುವುದು ಆ ಚೀಟಿ ಎತ್ತುವಿಕೆಯೇ. ದಿನವೂ ಎಷ್ಟೋ ಗಾಡಿ ಹೀಗೆ ಹೋಗುತ್ತವೆ, ಒಂದು ಉರುಳುತ್ತದೆ, ಅದರ ಡ್ರೈವರಿಗೆ ಎಲ್ಲರ ಪಾಲಿನ ಶಿಕ್ಷೆ.

ಇದೇ ವಿಚಾರವನ್ನು ನಮ್ಮ ಮನೆಯಲ್ಲೇ ಬೇರೆ ರೀತಿಯಲ್ಲಿ ಹೇಳಿದವರು ನಿನ್ನ ಅಜ್ಜಿ. ಅವರು ಸೌದೆ ಒಲೆಗೆ ಇಡುವ ಮೊದಲು ಪ್ರತಿ ಕಟ್ಟಿಗೆಯನ್ನೂ ನೆಲಕ್ಕೆ ತಟ್ಟುತ್ತಿದ್ದರು, ಇರುವೆ ಇದ್ದರೆ ಇಳಿದು ಹೋಗಲಿ ಎಂದು. ನೀರು ಬಟ್ಟೆಯಲ್ಲಿ ಸೋಸದೆ ಹಂಡೆಗೆ ಹಾಕುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಒಂದು ದಿನ ಕೇಳಿದ್ದೆ, ಈ ಕಟ್ಟಿಗೆಯಲ್ಲಿ ಇರುವೆ ಇರಲಿಲ್ಲವಲ್ಲ ಅತ್ತೆ, ತಟ್ಟಿದ್ದು ದಂಡವಾಗಲಿಲ್ಲವೇ ಎಂದು. “ಇರುವೆ ಇರ್ಲಿಲ್ಲ ಅಂತ ತಟ್ಟಿದ್ ಮೇಲೆ ಗೊತ್ತಾಯ್ತು. ತಟ್ಟದೆ ಇಟ್ಟಿದ್ರೆ, ಇರುವೆ ಇಲ್ದಿದ್ರೂ ನಾನು ಸುಟ್ಟ ಹಾಗೇ” ಅಂದರು. ಶಾಲೆಗೆ ಹೋದವರಲ್ಲ ಅವರು. ಆ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತಾದದ್ದು ಬಹಳ ವರ್ಷದ ನಂತರ. ಜೈನ ಗುರು ಕುಂದಕುಂದಾಚಾರ್ಯರ ಪ್ರವಚನಸಾರದಲ್ಲಿ ಇದೇ ಇದೆ: ಜೀವಿ ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆಯ ದೋಷ ತಪ್ಪದು, ಎಚ್ಚರದಿಂದ ನಡೆದವನಿಗೆ, ಜೀವ ಹೋದರೂ ಆ ಮಾತ್ರದಿಂದ ಬಂಧನವಿಲ್ಲ. ತೀರ್ಥಹಳ್ಳಿ ಕಡೆಯ ಕುಂದಾದ್ರಿಗೆ ನಿನ್ನನ್ನು ಚಿಕ್ಕವಳಿದ್ದಾಗ ಕರೆದುಕೊಂಡು ಹೋಗಿದ್ದೆವಲ್ಲ, ಆ ಬೆಟ್ಟದ ಹೆಸರು ಅವರದೇ. ಕಾರ್ಕಳದಲ್ಲಿ 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಭೈರರಸರಿಗೆ ಈ ಕಳಸವೂ ರಾಜಧಾನಿಯಾಗಿತ್ತು. ಇಂಥ ಮಾತು ಈ ಬೆಟ್ಟಗಳಲ್ಲಿ ಅಡಿಗೆಮನೆಯ ತನಕ ಇಳಿದು ಬಂದಿತ್ತು. ರಸ್ತೆಗೆ ಮಾತ್ರ ಇಳಿಯಲಿಲ್ಲ.

ಇಷ್ಟು ಓದಿ ನನಗೆ ಉತ್ತರ ಸಿಕ್ಕಿತು ಅನ್ನಿಸಿತ್ತು. ಇಬ್ಬರೂ ಒಂದೇ, ಶಿಕ್ಷೆಯೂ ಒಂದೇ ಇರಲಿ.

ಆಮೇಲೆ ಸತ್ತವಳ ತಾಯಿಯನ್ನು ನೋಡಲು ಕೂಲಿಯವರ ಲೈನು ಮನೆಗಳಿಗೆ ಹೋದೆ. ಮೊಮ್ಮಕ್ಕಳಿಬ್ಬರನ್ನೂ ಈಗ ಆ ಮುದುಕಿಯೇ ಸಾಕುತ್ತಿದ್ದಾಳೆ. ಮಾತು ಕೇಸಿನ ಕಡೆ ತಿರುಗಿತು. ಇನ್ನೊಬ್ಬನೂ ಅಷ್ಟೇ ಜನ ತುಂಬಿಕೊಂಡು ಅಷ್ಟೇ ಜೋರಾಗಿ ಬಂದಿದ್ದ, ಅವನದೂ ಇಷ್ಟೇ ತಪ್ಪು ಎಂದು ನಾನು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. “ಇಬ್ರೂ ಒಂದೇ ಅಂತೀರಿ ಟೀಚರಮ್ಮ. ನಂಗೆ ಹ್ಯಾಗೆ ಒಂದಾಗುತ್ತೆ? ನನ್ ಮಗ್ಳು ಹೋಗಿದ್ದು ಒಬ್ಬನ ಗಾಡೀಲಿ.”

ಆ ಮಾತಿಗೆ ನನ್ನ ಹತ್ತಿರ ಎದುರುತ್ತರ ಇರಲಿಲ್ಲ, ಇವತ್ತೂ ಇಲ್ಲ. ಅವಳು ನಿಂತ ಜಾಗದಿಂದ ಇಬ್ಬರೂ ಒಂದೇ ಆಗಲು ಸಾಧ್ಯವಿಲ್ಲ. ಒಂದೇ ಎಂದು ಅವಳಿಗೆ ಪಾಠ ಹೇಳಲು ಹೋಗುವುದು ಸತ್ತವಳನ್ನು ಲೆಕ್ಕದಿಂದ ತೆಗೆದುಹಾಕಿದ ಹಾಗೆ. ಆ ಹುಡುಗನಿಗೂ ಒಂದೇ ಅಲ್ಲ. ಅವನ ತಾಯಿ ಹೇಳುತ್ತಾಳೆ, ರಾತ್ರಿ ಎದ್ದು ಕೂರುತ್ತಾನಂತೆ, ಗಾಡಿಯ ಕೀ ಮುಟ್ಟುವುದಿಲ್ಲವಂತೆ. ನಿನ್ನ ಪುಸ್ತಕದಲ್ಲಿ ಬರ್ನಾರ್ಡ್ ವಿಲಿಯಮ್ಸ್ ಎಂಬ ತತ್ವಜ್ಞಾನಿ 1976ರಲ್ಲಿ ಹೇಳಿದ ಲಾರಿ ಡ್ರೈವರನ ಪ್ರಸಂಗ ಸಿಕ್ಕಿತು. ಅವನದೇನೂ ತಪ್ಪಿಲ್ಲದೆ ಮಗು ಗಾಡಿಯ ಅಡಿಗೆ ಬಿತ್ತು. ಆದರೂ ಪಕ್ಕದಲ್ಲಿ ನಿಂತು ನೋಡಿದವನ ಸಂಕಟವೇ ಬೇರೆ, ಅವನ ಸಂಕಟವೇ ಬೇರೆ. ‘ನನ್ನ ತಪ್ಪಿಲ್ಲವಲ್ಲ’ ಎಂದು ಅವನು ಬೇಗ ಕೈತೊಳೆದುಕೊಂಡರೆ ನಮಗೇ ಅವನ ಬಗ್ಗೆ ಒಳ್ಳೆಯ ಅಭಿಪ್ರಾಯ ಇರುವುದಿಲ್ಲ. ಇದು ನಿಜ ಪುಟ್ಟಿ. ಪರಿಣಾಮ ಅನ್ನುವುದು ಮನುಷ್ಯನಿಗೆ ಅಂಟುತ್ತದೆ.

ಬಹಳ ದಿನ ಈ ಎರಡನ್ನೂ ಇಟ್ಟುಕೊಂಡು ಯೋಚನೆ ಮಾಡಿದೆ. ಕೊನೆಗೆ ನನಗೆ ತೋರಿದ್ದು ಇದು. ಆ ಮುದುಕಿಗೆ ಸಲ್ಲಬೇಕಾದದ್ದು ಒಂದು, ಆ ಹುಡುಗನಿಗೆ ಸರ್ಕಾರ ಕೊಡಬೇಕಾದ ಶಿಕ್ಷೆ ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡದ್ದೇ ನಮ್ಮ ತೊಂದರೆ. ಮುದುಕಿಗೆ ಸಲ್ಲಬೇಕಾದದ್ದು ಪರಿಣಾಮದಿಂದಲೇ ಹುಟ್ಟುವಂಥದ್ದು. ಯಾರ ಗಾಡಿಯಲ್ಲಿ ಮಗಳು ಹೋದಳೋ ಅವರೇ ಅವಳ ಮುಂದೆ ಬಂದು ನಿಲ್ಲಬೇಕು, ಮಕ್ಕಳ ಅನ್ನ, ಓದು ನೋಡಿಕೊಳ್ಳಬೇಕು. ಜಾಗ್ರತೆಯಿಂದ ಓಡಿಸಿದ್ದರೂ ಅದು ತಪ್ಪಬಾರದು. ಜೈಲು ಬೇರೆ ವಿಷಯ. ಅದು ‘ನೀನು ಏನು ತಿಳಿದೂ ಏನು ಮಾಡಿದೆ, ಯಾರ ಜೀವವನ್ನು ನಿನ್ನ ಅವಸರಕ್ಕೆ ಒತ್ತೆ ಇಟ್ಟೆ’ ಎಂದು ಕೇಳಬೇಕು. ಅಲ್ಲಿ ಜಲ್ಲಿಗೆ, ಮಂಜಿಗೆ, ಅದೃಷ್ಟಕ್ಕೆ ಜಾಗ ಇರಬಾರದು.

ಈಗ ಇರುವುದು ಸರಿಯಾಗಿ ತಲೆಕೆಳಗು. ಜೈಲು ಪರಿಣಾಮ ನೋಡುತ್ತದೆ, ಪರಿಹಾರ ನಡತೆ ನೋಡುತ್ತದೆ! ಸಾಮಾನು ಸಾಗಿಸುವ ಗಾಡಿಯಲ್ಲಿ ಜನ ಸುಮ್ಮನೆ ಹತ್ತಿಕೊಂಡು ಹೋಗಿದ್ದರೆ ವಿಮೆ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿನಗೆ ಗೊತ್ತು. ಆಳುಗಳು ಮಾಲೀಕನ ಕೆಲಸಕ್ಕೆ ಹೋಗುತ್ತಿದ್ದವರು ಎಂದು ತೋರಿಸಲು ಆ ಮುದುಕಿಯ ಹತ್ತಿರ ಏನಿದೆ? ಹಾಜರಿ ಪುಸ್ತಕ ತೋಟದವರ ಕೈಯಲ್ಲಿದೆ. ಗಾಡಿಗೆ ಹತ್ತಿಸಿದವರು ಅವರು, ನಿಯಮ ಮುರಿದವರು ಅವರು, ಆ ಮುರಿದ ನಿಯಮದ ಬೆಲೆ ಕೊಡುತ್ತಿರುವವಳು ಅವಳು.

ಇನ್ನೊಂದು ಮಾತು, ಇದನ್ನು ನಮ್ಮ ತೋಟದವರ ಮಧ್ಯೆ ಹೇಳಿ ನಾನು ಒಂದಿಬ್ಬರ ಮುನಿಸು ಕಟ್ಟಿಕೊಂಡಿದ್ದೇನೆ. ಪರಿಣಾಮ ನೋಡಿ ಶಿಕ್ಷೆ ಕೊಡುವ ಪದ್ಧತಿ ಕೊನೆಯ ಕೈಯನ್ನು ಮಾತ್ರ ಹಿಡಿಯುತ್ತದೆ. ಸ್ಟೀರಿಂಗ್ ಹಿಡಿದವನು ಸಿಗುತ್ತಾನೆ. ‘ಒಂದೇ ಟ್ರಿಪ್ಪಿಗೆ ತಾ’ ಅಂದವರು ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋಗಿ ಒಳ್ಳೆಯವರಾಗಿ ಬರುತ್ತಾರೆ. ನಡತೆಯನ್ನೇ ನೋಡಿದರೆ ಮೊದಲು ಕಾಣುವುದು ಆ ಮಾತನ್ನು ಆಡಿದವರು. ಮೋಟಾರು ವಾಹನ ಕಾಯಿದೆಯ 188ನೇ ಕಲಮಿನಲ್ಲಿ ಅಪಾಯಕರ ಚಾಲನೆಗೆ ಕುಮ್ಮಕ್ಕು ಕೊಟ್ಟವನಿಗೂ ಓಡಿಸಿದವನಷ್ಟೇ ಶಿಕ್ಷೆ ಎಂದಿದೆ. ಈ ಕಲಮು ಹಾಕಿದ ಕೇಸು ನಮ್ಮ ಕಡೆ ನಾನು ಕೇಳಿಲ್ಲ.

ತಂತಿ ಬೇಲಿಯ ಕಥೆಯೂ ಇದೇ. ಆನೆ, ಹಂದಿ ಕಾಟಕ್ಕೆ ಸೋಲಾರ್ ಬೇಲಿ ಹಾಕಿದರೆ ಅದು ಬಿಟ್ಟುಬಿಟ್ಟು ಹೊಡೆಯುವ ಕರೆಂಟು, ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ಕೆಲವರು ರಾತ್ರಿ ಹೊತ್ತು ಮೇನ್ ಲೈನಿನಿಂದಲೇ ಬರಿ ತಂತಿಗೆ ಕೊಡುತ್ತಾರೆ. ಮುಟ್ಟಿದ್ದು ಹಿಂದೆ ಸರಿಯುವುದಿಲ್ಲ. ಬೆಳಗ್ಗೆ ಎದ್ದು ತೆಗೆದಿಟ್ಟರೆ ಯಾರಿಗೂ ಗೊತ್ತಿಲ್ಲ. ಒಂದು ಇರುಳು ಆ ತಂತಿಯನ್ನು ಯಾರೂ ಮುಟ್ಟದಿದ್ದರೆ ಅದು ವಿದ್ಯುತ್ ಕಳವು. 2003ರ ವಿದ್ಯುತ್ ಕಾಯಿದೆಯ 135ನೇ ಕಲಮಿನಂತೆ, ಸಣ್ಣ ಲೋಡಿನ ಮೊದಲ ತಪ್ಪಿಗೆ, ಕದ್ದು ಉಳಿಸಿದ ಹಣದ ಮೂರು ಪಟ್ಟಿಗೆ ಕಡಿಮೆಯಾಗದ ದಂಡ. ಒಂದು ರಾತ್ರಿಯ ಕರೆಂಟಿಗೆ ಎಷ್ಟಾದೀತು? ಜೀವಕ್ಕೆ ಅಪಾಯ ತಂದದ್ದಕ್ಕೆ ನ್ಯಾಯ ಸಂಹಿತೆಯ 125ನೇ ಕಲಂ ಇದೆ, ಅದೂ ಮೂರು ತಿಂಗಳ ಸೆರೆ ಇಲ್ಲವೇ ಎರಡೂವರೆ ಸಾವಿರದ ಒಳಗೆ. ಆನೆ ಮುಟ್ಟಿ ಸತ್ತರೆ ವನ್ಯಜೀವಿ ಕಾಯಿದೆಯಡಿ ಮೂರರಿಂದ ಏಳು ವರ್ಷ. ದನ ಹುಡುಕಿಕೊಂಡು ಹೋದ ಪಕ್ಕದ ಮನೆಯ ಹುಡುಗ ಮುಟ್ಟಿದರೆ ಐದು ವರ್ಷದ ತನಕ, ತಿಳಿದೇ ಮಾಡಿದ್ದೆಂದು ಸಾಬೀತಾದರೆ ಇನ್ನೂ ಹೆಚ್ಚು. ಕಟ್ಟಿದ ಕೈ ಒಂದು, ತಂತಿ ಒಂದು, ಅದರಲ್ಲಿ ಹರಿದ ಕರೆಂಟು ಒಂದು. ಯಾರು ಮುಟ್ಟಿದರು ಎಂಬುದರ ಮೇಲೆ ಅಪರಾಧಿಯ ದರ್ಜೆ.

1963ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಬಿಹಾರದ ಪ್ರಕರಣ ನೀನು ಓದಿರುತ್ತೀಯ. ನೆರೆಯವರು ತನ್ನ ಶೌಚಾಲಯಕ್ಕೆ ಬರಬಾರದೆಂದು ಒಬ್ಬ ಬರಿ ತಂತಿಗೆ ಕರೆಂಟು ಕೊಟ್ಟಿದ್ದ, ನೆರೆಮನೆಯ ಹೆಂಗಸು ಸತ್ತಳು. ನನ್ನ ಜಾಗ, ನನ್ನ ಹಕ್ಕು ಎಂಬ ವಾದ ನಿಲ್ಲಲಿಲ್ಲ. ಜಾಗ ನಿನ್ನದೇ ಆದರೂ, ಬಂದವರು ಅನುಮತಿ ಇಲ್ಲದವರೇ ಆದರೂ, ಜೀವ ತೆಗೆಯುವ ಬಲೆ ಒಡ್ಡುವ ಹಕ್ಕಿಲ್ಲ ಎಂದಿತು ಕೋರ್ಟು. ಇಲ್ಲಿ ಇವತ್ತಿಗೂ ‘ನನ್ನ ತೋಟ, ನನ್ನ ಬೇಲಿ’ ಅನ್ನುವವರಿಗೆ ಆ ತೀರ್ಪನ್ನು ಓದಿ ಹೇಳಬೇಕು.

ಇದೇ ಥರ, ಮೆಣಸು ಕುಯ್ಯುವಾಗ ಅಲ್ಯೂಮಿನಿಯಂ ಏಣಿಯನ್ನು ಕರೆಂಟ್ ಲೈನಿನ ಅಡಿಯಲ್ಲಿ ಎತ್ತಿ ಹಿಡಿದು ನಡೆಸುವುದನ್ನು ನೀನೂ ನೋಡಿದ್ದೀಯ. ಅದನ್ನು ವಿವರಿಸಿ ಬರೆಯುವುದಿಲ್ಲ, ಬರೆದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಹಾಗಂತ ಅಪಾಯ ಕಂಡಲ್ಲೆಲ್ಲ ಜೈಲಿಗೆ ಹಾಕು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ನನಗೆ ಭಯವಿದೆ. ಸಾವು ಕಣ್ಣಿಗೆ ಕಾಣುತ್ತದೆ, ಅಪಾಯ ಒಬ್ಬರ ಅಂದಾಜು. ಅಂದಾಜಿನ ಮೇಲೆ ಶಿಕ್ಷೆ ಎಂದರೆ ರಸ್ತೆಯಲ್ಲಿ ನಿಂತ ಪೊಲೀಸಿನವರ ಕೈಗೆ ಬಹಳ ಬಲ ಬರುತ್ತದೆ, ಆ ಬಲ ಮೊದಲು ಬೀಳುವುದು ಹಳೆಯ ಬೈಕಿನವನ ಮೇಲೆ. ಬಸಿರಿ ಹೆಂಗಸಿಗೆ ನೋವು ಬಂದಾಗ ನೀರು ಹತ್ತಿದ ಸೇತುವೆಯ ಮೇಲೆ ಜೀಪು ಬಿಟ್ಟವನೂ ಅಪಾಯವನ್ನೇ ತಂದುಕೊಂಡದ್ದು. ವೀಡಿಯೊ ಮಾಡಲು ಅದೇ ನೀರಿಗೆ ಕಾರು ಇಳಿಸಿದ ಪ್ರವಾಸಿಯೂ ಅದನ್ನೇ ಮಾಡಿದ್ದು. ಇಬ್ಬರೂ ದಡ ಸೇರಿದರು ಎಂದುಕೋ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದರೆ ನೀನು ನನ್ನ ಮಗಳಲ್ಲ. ಯಾತಕ್ಕಾಗಿ, ಯಾರಿಗಾಗಿ, ಬೇರೆ ದಾರಿ ಇತ್ತೇ, ಅಪಾಯ ಯಾರ ತಲೆಯ ಮೇಲಿತ್ತು, ಅವರು ಬೇಡ ಅನ್ನಬಹುದಿತ್ತೇ ಎಂದು ಕೇಳಬೇಕು. ಪಿಕಪ್ಪಿನ ಹಿಂದೆ ನಿಂತ ಹೆಂಗಸು ಬೇಡ ಅಂದಿದ್ದರೆ ಆ ದಿನದ ಕೂಲಿ ಹೋಗುತ್ತಿತ್ತು. ನನ್ನ ಪ್ರಕಾರ ಅದೇ ಅಪರಾಧದ ತಿರುಳು: ತನ್ನ ಉಳಿತಾಯಕ್ಕೆ, ಬೇಡ ಅನ್ನಲಾಗದವರ ಜೀವವನ್ನು ಒಡ್ಡಿದ್ದು.

ಅಂದಾಜಿಗೆ ಅಳತೆ ಸಿಕ್ಕರೆ ಈ ಭಯ ಕಡಿಮೆಯಾಗುತ್ತದೆ. ರಕ್ತದ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಿದ ಮದ್ಯ ಎಂಬುದು ಅಂಥ ಅಳತೆ, ಅಲ್ಲಿ ಯಾರೂ ಸಾಯಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ 2024ರ ಆಗಸ್ಟಿನಿಂದ ಗಂಟೆಗೆ 130 ಕಿಲೋಮೀಟರ್ ಮೀರಿ ಓಡಿಸಿದವರ ಮೇಲೆ ಎಫ್‌ಐಆರ್ ಹಾಕಲು ಹೊರಟದ್ದೂ ಅದೇ ದಾರಿ. ಚುನಾವಣೆ ಬಂದಾಗ ಮನೆಮನೆಯ ಕೋವಿಗಳನ್ನು ಠಾಣೆಯಲ್ಲಿ ಇಡಿಸಿಕೊಳ್ಳುತ್ತಾರಲ್ಲ, ಅಜ್ಜನ ಕಾಲದಿಂದ ನಾವು ಗೊಣಗುತ್ತಲೇ ಕೊಟ್ಟು ಬಂದಿದ್ದೇವೆ, ಅದೂ ಗುಂಡು ಹಾರುವ ಮೊದಲೇ ಮಾಡುವ ಕೆಲಸ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 194ಎ ಕಲಂ ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಮಿತಿ ಮೀರಿ ಹೇರಿದ ಪ್ರತಿ ತಲೆಗೆ 200 ರೂಪಾಯಿ ದಂಡ, ಅದೇನು ದೊಡ್ಡದಲ್ಲ. ದೊಡ್ಡದು ಅದರ ಮುಂದಿನ ಮಾತು: ಹೆಚ್ಚಿನ ಜನರನ್ನು ಇಳಿಸಿ, ಅವರಿಗೆ ಬೇರೆ ಗಾಡಿಯ ಏರ್ಪಾಡು ಆಗುವ ತನಕ ಈ ಗಾಡಿ ಮುಂದೆ ಹೋಗುವಂತಿಲ್ಲ. ಆ ಬೆಳಗ್ಗೆ ಯಾರಾದರೂ ಒಬ್ಬರು ಕೈ ಅಡ್ಡ ಹಿಡಿದು ಇಷ್ಟು ಮಾಡಿಸಿದ್ದರೆ ಸಾಕಿತ್ತು. ಇಬ್ಬರು ಹುಡುಗರಲ್ಲಿ ಯಾರೂ ಜೈಲಿಗೆ ಹೋಗಬೇಕಾಗಿರಲಿಲ್ಲ, ಆ ಮಕ್ಕಳಿಗೆ ತಾಯಿ ಇರುತ್ತಿದ್ದಳು.

ಅದಕ್ಕೇ ನಿನಗೆ ಹೇಳಬೇಕಾದದ್ದು ಇಷ್ಟು. ಪೆಟ್ಟಿ ಕೇಸುಗಳನ್ನು ಹಗುರವಾಗಿ ಕಾಣಬೇಡ. ಬೆಳಗ್ಗೆ ಸಾಲಾಗಿ ಬರುತ್ತಾರೆ, ತಪ್ಪು ಒಪ್ಪುತ್ತಾರೆ, ದಂಡ ಕಟ್ಟಿ ಹೋಗುತ್ತಾರೆ, ಕೂತವರಿಗೂ ದಣಿವು, ನಿಂತವರಿಗೂ ಅವಸರ. ಆದರೆ ಇನ್ನೂ ಯಾರೂ ಸಾಯದೆ ಇರುವ ಕೇಸುಗಳು ಅವೇ. ಜನ ಹೇರಿದ ಪಿಕಪ್ಪು ಬಂದರೆ ಗಾಡಿ ಯಾರದು, ಯಾರ ಮಾತಿಗೆ ಹೇರಿದೆ ಎಂದು ಕೇಳು. ಡ್ರೈವರ್ ಬಾಯಿ ಬಿಡದಿರಬಹುದು. ನೀನು ಕೇಳುತ್ತೀಯ ಎಂದು ಗೊತ್ತಾದರೆ ತೋಟದ ಗೇಟಿನ ಒಳಗೂ ಸುದ್ದಿ ಹೋಗುತ್ತದೆ. ಅದೇ ಗಾಡಿ ಎರಡನೇ ಸಲ ಬಂದರೆ ಮೊದಲ ಸಲದಂತೆ ಬಿಡಬೇಡ.

ಸಾವಿನ ಕೇಸು ಬಂದಾಗ ಇನ್ನೊಂದು ಬಗೆಯ ಎಚ್ಚರ ಬೇಕು. ಫೋಟೊಗಳಿರುತ್ತವೆ, ಹೊರಗೆ ಜನ ಇರುತ್ತಾರೆ, ನಿನ್ನ ಗಂಟಲು ಕಟ್ಟುತ್ತದೆ, ನಿನ್ನದು ಮೊದಲಿಂದಲೂ ಮೆತ್ತಗಿನ ಜೀವ. ಜೀವ ಹೋಗಿದೆ ಅನ್ನುವುದರಿಂದಲೇ ಅವನು ಅಡ್ಡಾದಿಡ್ಡಿ ಓಡಿಸಿದ್ದ ಎಂದು ಆಗುವುದಿಲ್ಲ. 1998ರಲ್ಲಿ ಕರ್ನಾಟಕದ್ದೇ ಒಂದು ಲಾರಿ ಪ್ರಕರಣದಲ್ಲಿ, ಜೋರಾಗಿ ಬಂದ ಎಂದಷ್ಟೇ ಹೇಳಿದರೆ ಸಾಲದು, ಎಷ್ಟು ಜೋರು, ಎಂಥ ರಸ್ತೆ ಎಂಬುದು ಬೇಕು ಎಂದು ಸುಪ್ರೀಂ ಕೋರ್ಟ್ ಶಿಕ್ಷೆ ಕೊಡಲು ಒಪ್ಪಲಿಲ್ಲ. ಇನ್ನೊಂದು ಕಡೆ 1987ರಲ್ಲಿ, ಅದೂ ನಮ್ಮ ರಾಜ್ಯದ್ದೇ, ತಪ್ಪು ಸಾಬೀತಾಗಿ ಜೀವ ಹೋಗಿದ್ದರೂ ಅಲ್ಪ ದಂಡ ಹಾಕಿ ಬಿಟ್ಟದ್ದನ್ನು ಅದೇ ಕೋರ್ಟು ಕಟುವಾಗಿ ಟೀಕಿಸಿತು. ಎರಡೂ ನಿನ್ನ ಮೇಜಿನ ಮೇಲಿರಲಿ. ಕಡತ ತೆರೆದಾಗ ಮರಣೋತ್ತರ ಪರೀಕ್ಷೆಯ ವರದಿಗೆ ಮೊದಲು ಆ ದಿನ ಬೆಳಗ್ಗೆಯಿಂದ ಅವನು ಮಾಡಿದ್ದನ್ನೆಲ್ಲ ಓದು. ಯಾರೂ ಸಾಯದಿದ್ದರೆ ಇವನ ನಡತೆಗೆ ನಾನು ಏನನ್ನುತ್ತಿದ್ದೆ ಎಂದು ಕೇಳಿಕೊಂಡು, ಆಮೇಲೆ ಉಳಿದದ್ದನ್ನು ಓದು. ಗಾಡಿ ನಿಲ್ಲಿಸಿ ಗಾಯಾಳುವನ್ನು ಎತ್ತಿದನೇ, ಬಿಟ್ಟು ಓಡಿದನೇ, ಅದನ್ನು ಬೇರೆಯಾಗಿಯೇ ತೂಗು, ಅದು ಅದೃಷ್ಟವಲ್ಲ, ಅವನೇ ಮಾಡಿದ ಆಯ್ಕೆ. ಗಾಡಿ ಉರುಳಿದ ಆ ಹುಡುಗ ಓಡಲಿಲ್ಲ. ಕಾಲು ಮುರಿದವರನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದವನು ಅವನೇ.

ತೀರ್ಪು ಬರೆಯುವಾಗ ಆ ಮುದುಕಿಯಂಥವರನ್ನು ಮರೆಯಬೇಡ. ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಂ ಪರಿಹಾರ ಕೊಡಿಸುವ ಅಧಿಕಾರವನ್ನು ನಿನಗೇ ಕೊಟ್ಟಿದೆ. ಅಪರಾಧಿಯ ಹತ್ತಿರ ಇಲ್ಲದಿದ್ದರೆ ಸರ್ಕಾರದ ಸಂತ್ರಸ್ತರ ಪರಿಹಾರ ಯೋಜನೆಗೆ ಶಿಫಾರಸು ಮಾಡಬಹುದು. ಮಾಡಿದರೂ ಮಾಡದಿದ್ದರೂ ಅದರ ಕಾರಣವನ್ನು ಬರೆ. ಗಾಡಿ ಓಡಿಸಿದವನಿಗೆ ಎಷ್ಟು ವರ್ಷ ಶಿಕ್ಷೆ ಆಯಿತು ಎಂಬುದರಿಂದ ಅವಳ ಮೊಮ್ಮಕ್ಕಳ ಹೊಟ್ಟೆ ತುಂಬುವುದಿಲ್ಲ. ಆ ಇಬ್ಬರನ್ನು ಶಾಲೆಗೆ ಸೇರಿಸುವ ಕೆಲಸ ಅಪ್ಪ, ನಾನು ನೋಡಿಕೊಳ್ಳುತ್ತಿದ್ದೇವೆ. ಅದು ನಮ್ಮಿಂದಾದ ಸಹಾಯ, ಅವರಿಗೆ ಬರಬೇಕಾದದ್ದು ಇನ್ನೂ ಬಂದಿಲ್ಲ.

ಮಳೆ ಸ್ವಲ್ಪ ಇಳಿದ ಮೇಲೆ ಜೀರಿಗೆ, ಕಾಳುಮೆಣಸು, ಒಂದಿಷ್ಟು ಕಾಫಿ ಪುಡಿ ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೀಪಾವಳಿಗೆ ಬರುವುದಾದರೆ ಹಗಲು ಬಸ್ಸಿಗೆ ಬಾ, ರಾತ್ರಿ ಬಾಡಿಗೆ ಕಾರು ಬೇಡ. ಯಾವ ಗಾಡಿಯಲ್ಲೇ ಬಂದರೂ ಡ್ರೈವರಿಗೆ ನಿದ್ದೆ ತೂಗುತ್ತಿದೆ ಅನ್ನಿಸಿದರೆ, ಫೋನಿನಲ್ಲಿ ಮಾತಾಡುತ್ತಾ ಓಡಿಸುತ್ತಿದ್ದರೆ, ಸಂಕೋಚಪಡದೆ ನಿಲ್ಲಿಸಲು ಹೇಳು.

ನಿನ್ನ,
ಅಮ್ಮ